ಒತ್ತಿದ ಹೆಸರಿನ ವಿವರ ಮಾತ್ರ ತೆರೆಯಲಿ: ಜೆಕ್ವೆರಿಯ ಶೋ, ಹೈಡ್, ಟಾಗಲ್

ಕೊಪ್ಪಳ ಜಿಲ್ಲೆಯ ಗಂಗಾವತಿಯಲ್ಲಿರುವ ಅಕ್ಕಿ ಅಂಗಡಿಯೊಂದಕ್ಕೆ ವೆಬ್ ಪುಟ ಮಾಡುತ್ತಿದ್ದೀರಿ ಎಂದುಕೊಳ್ಳೋಣ. ಸೋನಾ ಮಸೂರಿ, ಕುಸುಬಲಕ್ಕಿ, ನುಚ್ಚು ಎಂದು ಹೆಸರುಗಳು ಸಾಲಾಗಿದ್ದು, ಪ್ರತಿಯೊಂದರ ಕೆಳಗೂ ಚೀಲದ ತೂಕ, ದರ, ಸಾಗಣೆಯ ವಿವರಗಳಿವೆ. ಎಲ್ಲವನ್ನೂ ಒಮ್ಮೆಲೇ ಹರಡಿದರೆ ಮೊಬೈಲಿನಲ್ಲಿ ನೋಡುವವರು ಬೆರಳು ಸವೆಸಬೇಕಾಗುತ್ತದೆ. ಹೆಸರು ಒತ್ತಿದಾಗ ಮಾತ್ರ ವಿವರ ತೆರೆಯುವಂತೆ ಮಾಡಲು, ಜಾನ್ ರೆಸಿಗ್ 2006ರಲ್ಲಿ ಹೊರತಂದ ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಇಂದಿಗೂ ಸಾಕು. ಅದರಲ್ಲಿ ಶೋ ತೋರಿಸುತ್ತದೆ, ಹೈಡ್ ಮರೆಮಾಡುತ್ತದೆ, ಟಾಗಲ್ ಕಾಣುತ್ತಿದ್ದರೆ ಮರೆಮಾಡಿ, ಮರೆಯಾಗಿದ್ದರೆ ತೋರಿಸುತ್ತದೆ.

ಜೆಕ್ವೆರಿ ಕಡತವನ್ನು ನಿಮ್ಮ ಸ್ಕ್ರಿಪ್ಟಿಗಿಂತ ಮೊದಲು ಸೇರಿಸಿ. ಅದರ ‘ಸ್ಲಿಮ್’ ಆವೃತ್ತಿಯಲ್ಲಿ ಸ್ಲೈಡ್ (ಜಾರಿ ಬರುವುದು), ಫೇಡ್ (ಮೆಲ್ಲನೆ ಮಸುಕಾಗುವುದು) ಇರುವುದಿಲ್ಲವಾದ್ದರಿಂದ ಪೂರ್ಣ ಆವೃತ್ತಿಯನ್ನೇ ಆರಿಸಿ. ಪ್ರತಿ ಹೆಸರನ್ನೂ ಒಂದು ಬಟನ್ ಆಗಿ ಬರೆದು, ಅದರ ಬೆನ್ನಿಗೇ ‘ವಿವರ’ ಎಂಬ ಕ್ಲಾಸ್ (ಗುಂಪಿನ ಹೆಸರು) ಇರುವ ಡಿವ್ (ಪುಟದ ಒಂದು ಭಾಗ) ಇಡಿ. ಪುಟ ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿದ್ದರೆ ಕ್ಲಾಸಿನ ಹೆಸರು ಕನ್ನಡದಲ್ಲೇ ಇದ್ದರೂ ನಡೆಯುತ್ತದೆ. ಪುಟ ಸಿದ್ಧವಾದೊಡನೆ ‘ವಿವರ’ ಕ್ಲಾಸಿನ ಎಲ್ಲಕ್ಕೂ ಹೈಡ್ ಕರೆಯಿರಿ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಕ್ಲಿಕ್ ಫಂಕ್ಷನ್ನಿನೊಳಗೆ ಮತ್ತೆ ‘ವಿವರ’ ಕ್ಲಾಸನ್ನೇ ಹಿಡಿದು ಟಾಗಲ್ ಮಾಡಿದರೆ, ನುಚ್ಚಿನ ಮೇಲೆ ಒತ್ತಿದವರಿಗೆ ಅಂಗಡಿಯ ಅಷ್ಟೂ ಅಕ್ಕಿಯ ವಿವರ ತೆರೆದುಕೊಳ್ಳುತ್ತದೆ. ‘ದಿಸ್’ ಮೂಲಕ ಒತ್ತಿದ ಬಟನ್ನನ್ನು ಹಿಡಿಯಿರಿ, ‘ನೆಕ್ಸ್ಟ್’ ಮೂಲಕ ಅದರ ಪಕ್ಕದ ಡಿವ್ ತಲುಪಿ, ಅದಕ್ಕೆ ಮಾತ್ರ ಟಾಗಲ್ ಕರೆಯಿರಿ.

ಹೈಡ್ ಮಾಡುವುದಿಷ್ಟೇ: ಆ ಭಾಗದ ಡಿಸ್‌ಪ್ಲೇ ಗುಣವನ್ನು ‘ನನ್’ (none) ಮಾಡುತ್ತದೆ, ಹೀಗಾಗಿ ಅದರ ಜಾಗವೂ ಮುಚ್ಚಿಕೊಂಡು ಕೆಳಗಿನದು ಮೇಲೆ ಸರಿಯುತ್ತದೆ. ಜಾಗ ಹಾಗೇ ಉಳಿಯಬೇಕಿದ್ದರೆ, ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನ ವಿಸಿಬಿಲಿಟಿ ಗುಣವನ್ನು ಬಳಸಬೇಕು. ಸ್ಟೈಲ್‌ಶೀಟಿನಲ್ಲಿ ‘ಇಂಪಾರ್ಟೆಂಟ್’ ಗುರುತಿನೊಂದಿಗೆ ಡಿಸ್‌ಪ್ಲೇಯನ್ನು ‘ನನ್’ ಮಾಡಿಟ್ಟಿದ್ದರೆ ಶೋ ಎಷ್ಟು ಕರೆದರೂ ಅದು ಕಾಣದು.

ವಿವರ ಮೆಲ್ಲನೆ ಜಾರಿ ಬರಬೇಕೆಂದರೆ ಟಾಗಲ್ ಬದಲು ಸ್ಲೈಡ್‌ಟಾಗಲ್ ಬಳಸಿ. ವೇಗ ಸೂಚಿಸದಿದ್ದರೆ ಅದಕ್ಕೆ 400 ಮಿಲಿಸೆಕೆಂಡು ಹಿಡಿಯುತ್ತದೆ. ‘ಫಾಸ್ಟ್’ ಎಂದರೆ 200, ‘ಸ್ಲೋ’ ಎಂದರೆ 600. ದರ ನೋಡಲು ಬಂದವರಿಗೆ 200 ಸಾಕೆಂಬುದು ನನ್ನ ಅಭಿಪ್ರಾಯ. ಪಟಪಟನೆ ಒತ್ತಿದರೆ ಅಷ್ಟೂ ಚಲನೆಗಳು ಸರದಿ ನಿಂತು, ಕೈ ತೆಗೆದ ಮೇಲೂ ಡಿವ್ ಏರಿಳಿಯುತ್ತಲೇ ಇರುತ್ತದೆ; ಸ್ಲೈಡ್‌ಟಾಗಲ್‌ಗೆ ಮುಂಚೆ ‘ಸ್ಟಾಪ್’ ಅನ್ನು ‘ಟ್ರೂ’ ಕೊಟ್ಟು ಕರೆದರೆ ಆ ಸರದಿ ಖಾಲಿಯಾಗುತ್ತದೆ. ಟೇಬಲ್ಲಿನ ಸಾಲುಗಳಿಗೆ ಸ್ಲೈಡ್ ಸರಿಯಾಗಿ ಒಗ್ಗುವುದಿಲ್ಲ, ಅಲ್ಲಿ ಬರಿಯ ಟಾಗಲ್ ಇರಲಿ.

ಸಗಟು ವ್ಯಾಪಾರಿಗಳ ದರವನ್ನು ಹೈಡ್ ಮಾಡಿ ಅದೇ ಪುಟದಲ್ಲಿ ಇಡಬೇಡಿ. ಪುಟದ ಸೋರ್ಸ್ (ಮೂಲ ಕೋಡ್) ತೆರೆದ ಯಾರಿಗಾದರೂ ಅದು ಕಾಣುತ್ತದೆ. ಅಂಥದ್ದನ್ನು ಲಾಗಿನ್ ಆದವರಿಗೆ ಮಾತ್ರ ಸರ್ವರ್ ಕಳುಹಿಸುವಂತೆ ಮಾಡಬೇಕು.