‘ರನ್’ ಕಂಡಾಗ ಓಡುತ್ತಿರುವುದು ಯಾರೆಂದು ನೋಡಿ

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಕಸುಬು. ಕೈಗೆ ಬಂದ ಮೊದಲ ದೊಡ್ಡ ಕೆಲಸ ನೀರೆತ್ತುವ ಪಂಪಿನ ಕೈಪಿಡಿ. ಅದರಲ್ಲಿ ದಪ್ಪಕ್ಷರದ ಒಂದು ಎಚ್ಚರಿಕೆ ಇತ್ತು: ‘ಡು ನಾಟ್ ರನ್ ದಿ ಪಂಪ್ ಡ್ರೈ’. ಒಂದೊಂದು ಪದವೂ ಗೊತ್ತಿದ್ದುದರಿಂದ ನಿಘಂಟು ತೆರೆಯಲಿಲ್ಲ. ‘ಪಂಪ್ ಒಣಗಿರುವಾಗ ಓಡಬೇಡಿ’ ಎಂದು ಬರೆದುಕೊಟ್ಟೆ. ಕರಡು ನೋಡುತ್ತಿದ್ದ ಹಿರಿಯರು ಆ ಸಾಲಿನ ಕೆಳಗೆ ಗೆರೆ ಎಳೆದು, ‘ಇಲ್ಲಿ ಓಡುತ್ತಿರುವುದು ಯಾರಮ್ಮ?’ ಎಂದು ಕೇಳಿದರು.

ಯಾರೂ ಓಡುತ್ತಿರಲಿಲ್ಲ. ನೀರಿಲ್ಲದೆ ಪಂಪನ್ನು ಚಾಲೂ ಮಾಡಬೇಡಿ ಎಂಬುದು ಆ ಸಾಲಿನ ಅರ್ಥ. ಪಂಪಿನೊಳಗೆ ನೀರು ಸೋರದಂತೆ ತಡೆಯುವ ಸೀಲನ್ನು ತಂಪಾಗಿಡುವುದೂ ಉಜ್ಜದಂತೆ ಕಾಯುವುದೂ ಅದರ ಮೂಲಕ ಹಾಯುವ ನೀರೇ. ನೀರಿಲ್ಲದೆ ತಿರುಗಿದರೆ ಸೀಲು ಕಾದು ಕೆಡುತ್ತದೆ. ನನ್ನ ಸಾಲು ಹಾಗೇ ಅಚ್ಚಾಗಿದ್ದರೆ ಆ ಎಚ್ಚರಿಕೆ ಪಂಪ್ ಕೊಂಡವರಲ್ಲಿ ಒಬ್ಬರನ್ನೂ ಮುಟ್ಟುತ್ತಿರಲಿಲ್ಲ. ಅಂದಿನಿಂದ ‘ರನ್’ ಎಂಬ ಈ ಪದ ಕಂಡಾಗಲೆಲ್ಲ ಆ ಹಿರಿಯರ ಪ್ರಶ್ನೆಯನ್ನು ಕೇಳಿಕೊಳ್ಳುತ್ತೇನೆ. ಅದರ ಜೊತೆಗೆ ಇನ್ನೆರಡು ಪ್ರಶ್ನೆಗಳು ಕಾಲಕ್ರಮೇಣ ಸೇರಿಕೊಂಡಿವೆ.

ಪದದ ಗಾತ್ರ ಮೊದಲು ತಿಳಿದಿರಲಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಆವೃತ್ತಿ 1928ರಲ್ಲಿ ಪೂರ್ಣಗೊಂಡಾಗ ಅತಿ ಉದ್ದದ ನಮೂದು ‘ಸೆಟ್’ ಎಂಬುದರದ್ದಾಗಿತ್ತು. ಈಗ ಆ ಜಾಗದಲ್ಲಿ ‘ರನ್’ ಇದೆ. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳನ್ನು ಗುರುತಿಸಲಾಗಿದೆ. ಅವನ್ನು ವಿಂಗಡಿಸಲು ಪೀಟರ್ ಗಿಲಿವರ್ ಎಂಬ ನಿಘಂಟುಕಾರರಿಗೆ ಒಂಬತ್ತು ತಿಂಗಳು ಹಿಡಿಯಿತು. ಇಷ್ಟನ್ನು ಬಾಯಿಪಾಠ ಮಾಡಹೊರಡುವುದು ವ್ಯರ್ಥ. ಬೇರು ಹಿಡಿದರೆ ಕೊಂಬೆಗಳು ತಾವಾಗಿ ಸಿಗುತ್ತವೆ. ಆ ಬೇರಿನಲ್ಲಿ ಓಟದಷ್ಟೇ ಹಳೆಯದಾದ ಇನ್ನೊಂದು ಅರ್ಥವಿದೆ: ಹರಿಯುವುದು. ಇಂಗ್ಲಿಷಿನ ಸೋದರ ಭಾಷೆಯಾದ ಜರ್ಮನ್‌ನಲ್ಲಿ ಇವೆರಡೂ ಇಂದಿಗೂ ಬೇರೆ ಬೇರೆ ಪದಗಳಾಗಿ ಉಳಿದಿವೆ. ‘ರಿನ್ನೆನ್’ ಎಂದರೆ ಹರಿಯುವುದು, ‘ರೆನ್ನೆನ್’ ಎಂದರೆ ಓಡುವುದು. ಇಂಗ್ಲಿಷಿನಲ್ಲಿ ಎರಡೂ ಒಂದೇ ಪದದೊಳಗೆ ಬೆರೆತುಹೋದವು. ಆದ್ದರಿಂದ ಈ ಪದ ಕಂಡಾಗ ಮನಸ್ಸಿಗೆ ಓಟಗಾರನ ಜೊತೆಗೆ ಹೊಳೆಯನ್ನೂ ತಂದುಕೊಳ್ಳಿ. ತಡೆಯಿಲ್ಲದೆ ತನ್ನ ದಾರಿಯಲ್ಲಿ ಸಾಗುವುದು ಎಂಬ ಆ ಚಿತ್ರ ಹೆಚ್ಚಿನ ವಾಕ್ಯಗಳನ್ನು ಬಿಡಿಸಿಕೊಡುತ್ತದೆ.

ಮೊದಲ ಪ್ರಶ್ನೆ: ಓಡುತ್ತಿರುವುದು ಯಾರು ಅಥವಾ ಯಾವುದು? ಕಾಲಿರುವ ಜೀವಿಯಾದರೆ ಓಡು. ನೀರಾದರೆ ಹರಿ. ಮೂಗಾದರೆ ಸೋರು. ರಸ್ತೆಯೋ ಬೇಲಿಯೋ ಆದರೆ ಹಾದುಹೋಗು ಅಥವಾ ಚಾಚು. ಬಟ್ಟೆಯ ಒಳಗೆ ಹೊಲಿದ ಚೀಟಿಯಲ್ಲಿ ‘ಕಲರ್ಸ್ ಮೇ ರನ್’ ಎಂದಿದ್ದರೆ ಬಣ್ಣ ಬಿಡಬಹುದು ಎಂದರ್ಥ. ಬೇರೆ ಬಟ್ಟೆಗಳ ಜೊತೆ ನೆನೆಹಾಕಬೇಡಿ. ಕರಾರುಪತ್ರವೊಂದು ಮೂರು ವರ್ಷ ‘ರನ್’ ಆಗುತ್ತದೆ ಎಂದಿದ್ದರೆ ಅದು ಮೂರು ವರ್ಷ ಜಾರಿಯಲ್ಲಿರುತ್ತದೆ. ಸಿನಿಮಾ ಮತ್ತು ನಾಟಕಗಳ ವಿಷಯದಲ್ಲಿ ಮಾತ್ರ ಕನ್ನಡವೂ ಇಂಗ್ಲಿಷೂ ಕೈಹಿಡಿದು ನಡೆಯುತ್ತವೆ: ಅವು ಎರಡು ಭಾಷೆಗಳಲ್ಲಿಯೂ ಓಡುತ್ತವೆ.

ಮನುಷ್ಯರೇ ಕರ್ತೃವಾಗಿದ್ದರೂ ಒಂದು ಕಡೆ ಜಾಗ್ರತೆ ಬೇಕು. ಅಮೆರಿಕದ ಇಂಗ್ಲಿಷಿನಲ್ಲಿ ಅಭ್ಯರ್ಥಿ ಚುನಾವಣೆಗೆ ಓಡುತ್ತಾನೆ, ಬ್ರಿಟನ್ನಿನ ಇಂಗ್ಲಿಷಿನಲ್ಲಿ ನಿಲ್ಲುತ್ತಾನೆ. ನಮ್ಮಲ್ಲೂ ಚುನಾವಣೆಗೆ ನಿಲ್ಲುವುದೇ ವಾಡಿಕೆ. ‘ಅಧ್ಯಕ್ಷ ಹುದ್ದೆಗೆ ಓಡುತ್ತಿದ್ದಾರೆ’ ಎಂಬ ಸಾಲನ್ನು ನಾನು ಅಚ್ಚಿನಲ್ಲಿ ಕಂಡಿದ್ದೇನೆ, ಕಂಡಾಗಲೆಲ್ಲ ನೊಂದಿದ್ದೇನೆ. ಎಷ್ಟು ಸಹಜವಾದ ಪದ ನಮ್ಮಲ್ಲೇ ಇತ್ತು!

ಎರಡನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ‘ರನ್’ ಆದ ಮೇಲೆ ನೇರವಾಗಿ ಒಂದು ವಸ್ತುವಿನ ಹೆಸರು ಬಂದಿದೆಯೇ? ಬಂದಿದ್ದರೆ ಕನ್ನಡದ ‘ಇಸು’ ಪ್ರತ್ಯಯವನ್ನು ನೆನೆಯಿರಿ. ತಾನೇ ಮಾಡುವುದಕ್ಕೂ ಇನ್ನೊಂದರಿಂದ ಮಾಡಿಸುವುದಕ್ಕೂ ಇಂಗ್ಲಿಷಿನ ಈ ಪದ ರೂಪ ಬದಲಿಸುವುದಿಲ್ಲ, ಕನ್ನಡ ಬದಲಿಸುತ್ತದೆ. ಓಡು ಓಡಿಸು ಆಗುತ್ತದೆ, ಹರಿ ಹರಿಸು ಆಗುತ್ತದೆ, ನಡೆ ನಡೆಸು ಆಗುತ್ತದೆ. ‘ದಿ ಇಂಜಿನ್ ರನ್ಸ್’ ಎಂದರೆ ಇಂಜಿನ್ ನಡೆಯುತ್ತಿದೆ; ‘ಷಿ ರನ್ಸ್ ಎ ಸ್ಕೂಲ್’ ಎಂದರೆ ಅವಳು ಶಾಲೆ ನಡೆಸುತ್ತಾಳೆ. ಕಣ್ಣನ್ನು ಪುಟದ ಮೇಲೆ ‘ರನ್’ ಮಾಡಿದರೆ ಕಣ್ಣಾಡಿಸುವುದು, ಕೂದಲಲ್ಲಿ ಬೆರಳನ್ನು ‘ರನ್’ ಮಾಡಿದರೆ ಬೆರಳಾಡಿಸುವುದು. ಪತ್ರಿಕೆ ಸುದ್ದಿಯೊಂದನ್ನು ‘ರನ್’ ಮಾಡಿದರೆ ಪ್ರಕಟಿಸುವುದು. ಪಂಪಿನ ಸಾಲಿನಲ್ಲೂ ನಾನು ಎಡವಿದ್ದು ಇಲ್ಲಿಯೇ. ‘ಪಂಪ್’ ಎಂಬುದು ‘ರನ್’ಗೆ ಅಂಟಿಕೊಂಡೇ ಬಂದಿತ್ತು. ‘ಇಸು’ ನೆನಪಾಗಿದ್ದರೆ ಓಡುವ ಮಾತು ಬರುತ್ತಲೇ ಇರಲಿಲ್ಲ.

ಈ ಸೂತ್ರಕ್ಕೆ ಸಿಗದವೂ ಕೆಲವಿವೆ. ‘ಹಿ ಈಸ್ ರನ್ನಿಂಗ್ ಎ ಫೀವರ್’ ಎಂಬಲ್ಲಿ ಅವನು ಜ್ವರವನ್ನು ಏನೂ ಮಾಡಿಸುತ್ತಿಲ್ಲ. ಅವನಿಗೆ ಜ್ವರ ಬಂದಿದೆ. ಇಂಗ್ಲಿಷಿನಲ್ಲಿ ಕರ್ತೃವಾಗಿದ್ದವನು ಕನ್ನಡದಲ್ಲಿ ಚತುರ್ಥಿ ವಿಭಕ್ತಿಗೆ ಸರಿದ, ಜ್ವರ ಕರ್ತೃವಾಯಿತು. ಕೆಂಪು ದೀಪವನ್ನು ‘ರನ್’ ಮಾಡಿದರೆ ಸಿಗ್ನಲ್ ಮುರಿದು ಮುಂದೆ ಹೋದ ಹಾಗೆ. ಮ್ಯಾರಥಾನ್ ‘ರನ್’ ಮಾಡಿದವರು 42.195 ಕಿಲೋಮೀಟರನ್ನು ತಾವೇ ಓಡಿರುತ್ತಾರೆ. ಅದನ್ನು ಏರ್ಪಡಿಸಿದವರ ಬಗ್ಗೆಯೂ ಇದೇ ಪದ ಬರಬಹುದಾದ್ದರಿಂದ ಹಿಂದಿನ ಸಾಲನ್ನೊಮ್ಮೆ ಓದಿ ನಿರ್ಧರಿಸಿ.

ವಸ್ತುವಿನ ಬದಲು ಗುಣವನ್ನು ಹೇಳುವ ಪದ ಬಂದಿದ್ದರೆ ಸಾಮಾನ್ಯವಾಗಿ ‘ಆಗು’ ಸಾಕು. ಬಾವಿ ‘ರನ್ ಡ್ರೈ’ ಆದರೆ ಬತ್ತಿಹೋಯಿತು, ಹಣ ‘ರನ್ ಶಾರ್ಟ್’ ಆದರೆ ಕಡಿಮೆಯಾಯಿತು, ರೈಲು ‘ರನ್ನಿಂಗ್ ಲೇಟ್’ ಆದರೆ ತಡವಾಗಿದೆ.

ಮೂರನೆಯ ಪ್ರಶ್ನೆ: ಬೆನ್ನಿಗೆ ‘ಔಟ್’, ‘ಡೌನ್’, ‘ಓವರ್’, ‘ಇನ್‌ಟು’ ಮುಂತಾದ ಪುಟ್ಟ ಪದ ಅಂಟಿಕೊಂಡಿದೆಯೇ? ಅಂಟಿಕೊಂಡಿದ್ದರೆ ಎರಡನ್ನೂ ಸೇರಿಸಿ ಒಂದೇ ಪದವೆಂದು ಭಾವಿಸಿ. ‘ವಿ ಹ್ಯಾವ್ ರನ್ ಔಟ್ ಆಫ್ ಪೇಪರ್’ ಎಂದರೆ ನಮ್ಮಲ್ಲಿ ಕಾಗದ ಮುಗಿದಿದೆ. ಇಲ್ಲಿಯೂ ಕರ್ತೃ ಅದಲುಬದಲಾಗಿದೆ ನೋಡಿ: ಇಂಗ್ಲಿಷಿನಲ್ಲಿ ನಾವು, ಕನ್ನಡದಲ್ಲಿ ಕಾಗದ. ಕ್ರಿಕೆಟ್ಟಿನ ರನ್ ಔಟನ್ನು ಮಾತ್ರ ಹಾಗೇ ಬಿಡಿ. ಅದು ಕನ್ನಡವೇ ಆಗಿಹೋಗಿದೆ. ‘ರನ್ ಡೌನ್’ಗೆ ಹೆಚ್ಚು ಸಮಯ ಕೊಡಬೇಕು. ಬ್ಯಾಟರಿ ‘ರನ್ ಡೌನ್’ ಆದರೆ ಚಾರ್ಜ್ ಇಳಿಯಿತು, ವಾಹನ ಒಬ್ಬರನ್ನು ‘ರನ್ ಡೌನ್’ ಮಾಡಿದರೆ ಡಿಕ್ಕಿ ಹೊಡೆದು ಕೆಡವಿತು, ಒಬ್ಬರು ಇನ್ನೊಬ್ಬರನ್ನು ‘ರನ್ ಡೌನ್’ ಮಾಡಿದರೆ ಹೀಗಳೆದರು, ಕಟ್ಟಡ ‘ರನ್ ಡೌನ್’ ಆಗಿದ್ದರೆ ಪಾಳುಬಿದ್ದಂತಿದೆ. ಇವು ತೀರಾ ಬೇರೆ ಬೇರೆ ಸಂಗತಿಗಳಾದ್ದರಿಂದ ಇಲ್ಲಿಯೂ ಮೊದಲ ಪ್ರಶ್ನೆಗೇ ಮರಳಬೇಕು. ಹಳೆಯ ಗೆಳೆಯನನ್ನು ‘ರನ್ ಇನ್‌ಟು’ ಮಾಡಿದರೆ ಅಕಸ್ಮಾತ್ ಭೇಟಿ, ನಷ್ಟ ಕೋಟಿಗಳಿಗೆ ‘ರನ್ ಇನ್‌ಟು’ ಆದರೆ ಕೋಟಿಗಟ್ಟಲೆ ನಷ್ಟ. ಸಭೆ ‘ರನ್ ಓವರ್’ ಆದರೆ ಹೊತ್ತು ಮೀರಿತು.

ನಾಮಪದಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ‘ಡ್ರೈ ರನ್’ ಎಂದರೆ ನಿಜವಾದ ಕೆಲಸಕ್ಕೆ ಮುಂಚಿನ ತಾಲೀಮು, ‘ಪ್ರಿಂಟ್ ರನ್’ ಎಂದರೆ ಒಮ್ಮೆಗೆ ಅಚ್ಚು ಹಾಕಿದ ಪ್ರತಿಗಳ ಸಂಖ್ಯೆ, ‘ರನ್ ಆನ್ ದಿ ಬ್ಯಾಂಕ್’ ಎಂದರೆ ಭಯಗೊಂಡ ಠೇವಣಿದಾರರೆಲ್ಲ ಒಟ್ಟಿಗೆ ಹಣ ತೆಗೆಯಲು ಮುಗಿಬೀಳುವುದು.

ಅಭ್ಯಾಸಕ್ಕೆ ಒಂದು ನೋಟ್‌ಪುಸ್ತಕ ಇಡಿ. ಅದರಲ್ಲಿ ಬಿಡಿ ಅರ್ಥ ಬರೆಯಬೇಡಿ, ಪದ ಸಿಕ್ಕ ಇಡೀ ವಾಕ್ಯವನ್ನೇ ಬರೆದು, ಕೆಳಗೆ ನಿಮ್ಮ ಮನೆಯವರಿಗೆ ಹೇಳುವಂಥ ಕನ್ನಡದ ಸಾಲು ಬರೆಯಿರಿ. ನನ್ನದರಲ್ಲಿ ಕಳೆದ ವಾರ ಸೇರಿದ್ದು ‘ಷಿ ರ‍್ಯಾನ್ ದಿ ಟ್ಯಾಪ್ ಅಂಟಿಲ್ ದಿ ವಾಟರ್ ರ‍್ಯಾನ್ ಕ್ಲಿಯರ್’. ಮೊದಲನೆಯದರ ಮುಂದೆ ವಸ್ತು ಇದೆ, ಎರಡನೆಯದರ ಮುಂದೆ ಗುಣ ಇದೆ. ಅದರ ಕೆಳಗೆ ನಾನು ಬರೆದುಕೊಂಡದ್ದು ಇಷ್ಟು: ‘ನೀರು ತಿಳಿಯಾಗುವವರೆಗೂ ಅವಳು ನಲ್ಲಿ ಬಿಟ್ಟಿದ್ದಳು.’