ಮತಪತ್ರದ ಕೊನೆಯ ಪುಟ: ಕೌಂಟಿ ಮೆಷರ್‌ಗಳನ್ನು ನಾನು ಓದುವ ಬಗೆ

ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯಲ್ಲಿ ಮತದಾನದ ಹಕ್ಕು ದೊರೆತ ಮೊದಲ ಸಲ, ಅಂಚೆಯಲ್ಲಿ ಬಂದ ಮತಪತ್ರವನ್ನು ಮೇಲಿನಿಂದ ಕೆಳಕ್ಕೆ ತುಂಬುತ್ತ ಹೋಗಿ, ಕೊನೆಯ ಪುಟದ ತೆರಿಗೆ ಮೆಷರ್‌ಗಳಿಗೆ, ಎಂದರೆ ಮತದಾರರೇ ‘ಯೆಸ್’ ಇಲ್ಲವೆ ‘ನೋ’ ಎಂದು ತೀರ್ಮಾನಿಸಬೇಕಾದ ಸ್ಥಳೀಯ ಪ್ರಸ್ತಾವಗಳಿಗೆ, ಬರುವ ಹೊತ್ತಿಗೆ ದಣಿದಿದ್ದೆ. ಅಲ್ಲಿ ಅಚ್ಚಾಗಿದ್ದ ಪ್ರಶ್ನೆಯನ್ನಷ್ಟೇ ಓದಿ ‘ಯೆಸ್’ ಎಂದು ಗುರುತು ಹಾಕಿದೆ. 75 ಪದಗಳನ್ನು ಮೀರಬಾರದ ಆ ಪ್ರಶ್ನೆಯನ್ನು ಬಹುಮಟ್ಟಿಗೆ ತೆರಿಗೆಯನ್ನು ಕೇಳುವ ಕೌಂಟಿ, ನಗರ ಇಲ್ಲವೆ ಶಾಲೆಯ ಆಡಳಿತ ಮಂಡಳಿಯೇ ಬರೆಯುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ. ಅಂದಿನಿಂದ ನಾನು ಕೊನೆಯ ಪುಟವನ್ನೇ ಮೊದಲು ಓದುತ್ತೇನೆ.

ಮೊದಲು ನೋಡುವುದು, ಮೆಷರ್ ಗೆಲ್ಲಲು ಎಷ್ಟು ಮತ ಬೇಕು ಎಂಬುದನ್ನು. ಮಂಡಳಿಯೊಂದು ಗೊತ್ತಾದ ಉದ್ದೇಶಕ್ಕೆ ಕಟ್ಟಿಹಾಕಿದ ತೆರಿಗೆಯನ್ನು ಕೇಳಿದರೆ ಮೂರನೇ ಎರಡರಷ್ಟು ಮತ ಬೇಕು. ಸಾಮಾನ್ಯ ನಿಧಿಗೆ ಹೋಗುವ ತೆರಿಗೆಯಾದರೆ ಅರ್ಧಕ್ಕಿಂತ ಒಂದು ಮತ ಹೆಚ್ಚಾದರೂ ಸಾಕು. 2016ರಲ್ಲಿ ನಮ್ಮ ಕೌಂಟಿಯ ಮುಂದೆ ಬಂದ ಮೆಷರ್ ಎ, ಕೈಗೆಟುಕುವ ವಸತಿಗಾಗಿ 95 ಕೋಟಿ ಡಾಲರ್‌ಗಳ ಬಾಂಡ್, ಎಂದರೆ ಆಸ್ತಿ ತೆರಿಗೆಯಿಂದ ತೀರಿಸುವ ಸಾಲ. ಅದಕ್ಕೂ ಬೇಕಿದ್ದ ಮೂರನೇ ಎರಡರ ಗೆರೆಯನ್ನು ಅದು ಸ್ವಲ್ಪದರಲ್ಲಿಯೇ ದಾಟಿತು. 2025ರ ನವೆಂಬರಿನಲ್ಲಿಯೂ ಮೆಷರ್ ಎ ಎಂಬ ಅದೇ ಹೆಸರಿನಲ್ಲಿ, ಐದು ವರ್ಷಗಳ ಅವಧಿಗೆ ಶೇ. 0.625ರ ಮಾರಾಟ ತೆರಿಗೆಯ ಪ್ರಸ್ತಾವ ಬಂತು. ಪ್ರಚಾರವೆಲ್ಲ ಆಸ್ಪತ್ರೆಗಳ ಕುರಿತೇ ಇತ್ತು, ಕೇಂದ್ರ ಸರ್ಕಾರದ ಅನುದಾನ ಕಡಿತವೂ ನಿಜವಾಗಿತ್ತು. ಆದರೆ ಅದು ಸಾಮಾನ್ಯ ತೆರಿಗೆಯಾದ್ದರಿಂದ ಹಣವನ್ನು ಆಸ್ಪತ್ರೆಗೇ ವೆಚ್ಚ ಮಾಡಬೇಕೆಂಬ ಕಾನೂನಿನ ಕಟ್ಟು ಇರಲಿಲ್ಲ. ಅದೂ ಗೆದ್ದಿತು. ಕಟ್ಟಿಲ್ಲದ ತೆರಿಗೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅಂಥದಕ್ಕೆ ಮತ ಹಾಕುವಾಗ ಮೆಷರ್‌ನಲ್ಲಿ ಬರೆದ ಮಾತಿಗಿಂತ ಮಂಡಳಿಯನ್ನು ನಂಬುತ್ತಿದ್ದೇನೆ ಎಂಬುದು ನನಗೆ ಗೊತ್ತಿರಬೇಕು, ಅಷ್ಟೆ. ಈ ವ್ಯತ್ಯಾಸ ಮತದಾರರ ಕೈಪಿಡಿಯಲ್ಲಿ ಕೌಂಟಿಯ ವಕೀಲರು 500 ಪದಗಳ ಮಿತಿಯಲ್ಲಿ ಬರೆಯುವ ನಿಷ್ಪಕ್ಷ ವಿಶ್ಲೇಷಣೆಯಲ್ಲಿ ಸಿಗುತ್ತದೆ. ಪರ-ವಿರೋಧದ ವಾದಗಳನ್ನು ನಾನು ಅದಾದ ಮೇಲೆಯೇ ಓದುತ್ತೇನೆ.

ಶಾಲಾ ಬಾಂಡ್‌ಗಳ ಲೆಕ್ಕ ಬೇರೆ. ರಾಜ್ಯದ ಮತದಾರರು ಒಪ್ಪಿದ 2000ದ ಪ್ರಪೊಸಿಷನ್ 39ರ ಪ್ರಕಾರ ಅವುಗಳಿಗೆ ಶೇ. 55 ಮತ ಸಾಕು, ಆದರೆ ಕಾಮಗಾರಿಗಳ ಪಟ್ಟಿ ಇರಬೇಕು, ಆ ಹಣದಿಂದ ಶಿಕ್ಷಕರ ಸಂಬಳ ಕೊಡುವಂತಿಲ್ಲ. ತೆರಿಗೆಯ ದರವನ್ನು ನಿಗದಿತ ಮೌಲ್ಯದ (ತೆರಿಗೆಗಾಗಿ ಕೌಂಟಿ ಲೆಕ್ಕ ಹಾಕಿದ ಆಸ್ತಿಯ ಬೆಲೆಯ) ಪ್ರತಿ ಒಂದು ಲಕ್ಷ ಡಾಲರಿಗೆ ಇಷ್ಟು ಎಂದು ತಿಳಿಸಿರುತ್ತಾರೆ. ನೆರೆಮನೆಯ ಕನ್ನಡದವರೊಬ್ಬರು ಇದನ್ನು ಮಾರುಕಟ್ಟೆ ಬೆಲೆಗೆ ಗುಣಿಸಿ ಗಾಬರಿಯಾಗಿದ್ದರು. 1978ರ ಪ್ರಪೊಸಿಷನ್ 13ರಿಂದಾಗಿ, ಮನೆ ಕೈ ಬದಲಾಯಿಸದಿದ್ದರೆ ಈ ಮೌಲ್ಯ ಸಾಮಾನ್ಯವಾಗಿ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವುದಿಲ್ಲ. ಅವರ ತೆರಿಗೆ ಚೀಟಿಯಲ್ಲಿದ್ದದ್ದು ಆರು ಲಕ್ಷ; ಲಕ್ಷಕ್ಕೆ 30 ಡಾಲರಿನಂತೆ ವರ್ಷಕ್ಕೆ 180 ಡಾಲರ್ ಆಗುತ್ತಿತ್ತು.

ಸ್ಥಳೀಯ ಹುದ್ದೆಗಳ ಅಭ್ಯರ್ಥಿಗಳ ಹೆಸರಿನ ಮುಂದೆ ಪಕ್ಷ ಇರುವುದಿಲ್ಲವಾದ್ದರಿಂದ, ನಾನು ಅವರು ಸಲ್ಲಿಸಿದ ಪ್ರಚಾರದ ಹಣದ ಲೆಕ್ಕಪತ್ರವಾದ ಫಾರ್ಮ್ 460ರಲ್ಲಿ ದೇಣಿಗೆ ಕೊಟ್ಟವರ ಪಟ್ಟಿಯನ್ನು ನೋಡುತ್ತೇನೆ. ಕೈಪಿಡಿಯಲ್ಲಿ ಹೇಳಿಕೆ ಇಲ್ಲದವರನ್ನು ತಳ್ಳಿಹಾಕುವುದಿಲ್ಲ. ಅನೇಕ ಕಡೆ ಅದನ್ನು ಅಚ್ಚು ಹಾಕಿಸುವ ವೆಚ್ಚ ಅಭ್ಯರ್ಥಿಯದೇ.

ಅಮ್ಮನಿಗೆ ಪೌರತ್ವ ಬಂದ ಮೇಲೆ ಈ ಓದು ಊಟದ ಮೇಜಿನ ಮೇಲೆ ಕನ್ನಡದಲ್ಲಿ ನಡೆಯತೊಡಗಿತು. “ಈ ದುಡ್ಡಿಗೆ ಲೆಕ್ಕ ಕೇಳೋರು ಯಾರು?” ಎಂದು ಅವರು ಪ್ರತಿಯೊಂದಕ್ಕೂ ಕೇಳುತ್ತಾರೆ, ಉತ್ತರ ಹುಡುಕುವುದರಲ್ಲಿ ನಾನೇ ಹೆಚ್ಚು ಕಲಿತಿದ್ದೇನೆ. ಮೊದಲ ಸಲ ಅವರು ಮತಪತ್ರದ ಲಕೋಟೆಯ ಮೇಲೆ ಅಭ್ಯಾಸಬಲದಿಂದ ಕನ್ನಡದಲ್ಲಿ ರುಜು ಹಾಕಿದ್ದರು, ದಾಖಲೆಯಲ್ಲಿದ್ದದ್ದು ಇಂಗ್ಲಿಷ್ ರುಜು. ಹೊಂದಿಕೆಯಾಗುತ್ತಿಲ್ಲವೆಂದು ಪತ್ರ ಬಂತು. ಜೊತೆಗಿದ್ದ ನಮೂನೆಗೆ ಮತ್ತೆ ರುಜು ಮಾಡಿ, ಅದನ್ನು ಅಂಚೆಗೆ ಹಾಕದೆ ತಾವೇ ಕಚೇರಿಗೆ ಹೋಗಿ ಕೊಟ್ಟು ಬಂದರು.