ಮೇಲ್ ನಿಲ್ಲದ ಹಾಗೆ ಮೇಲ್ ಸರ್ವರ್ ಅಪ್‌ಗ್ರೇಡ್ ಮಾಡಿದ್ದು

ನಮ್ಮ ಆಫೀಸಿನ ಮೇಲ್ ಸರ್ವರ್ ಹಳೆಯದಾಗಿತ್ತು. ಅದರ ಆಪರೇಟಿಂಗ್ ಸಿಸ್ಟಮ್‌ಗೆ ಸೆಕ್ಯುರಿಟಿ ಅಪ್‌ಡೇಟ್ ಬರುವುದೇ ನಿಂತಿತ್ತು. ಮೇಲ್ ಕಳಿಸಿ ಸ್ವೀಕರಿಸುವ ಪೋಸ್ಟ್‌ಫಿಕ್ಸ್, ಬಂದ ಮೇಲನ್ನು ಮೇಲ್‌ಬಾಕ್ಸ್‌ನಲ್ಲಿಟ್ಟು ಜನರಿಗೆ ತೋರಿಸುವ ಡೋವ್‌ಕಾಟ್, ಈ ಎರಡು ಸಾಫ್ಟ್‌ವೇರ್‌ಗಳನ್ನೂ ಹೊಸ ವರ್ಷನ್‌ಗೆ ಏರಿಸಬೇಕಿತ್ತು. ಮೇಲಿನವರದು ಒಂದೇ ಮಾತು: "ಏನಾದ್ರೂ ಮಾಡಿ, ಒಂದು ಮೇಲ್ ಕೂಡ ಕಳೀಬಾರದು."

ಇದನ್ನು ಕೇಳಿದ ತಕ್ಷಣ ಎಲ್ಲರೂ ಡೌನ್‌ಟೈಮ್ ಲೆಕ್ಕ ಹಾಕಲು ಶುರು ಮಾಡುತ್ತಾರೆ. ಆದರೆ ಸರ್ವರ್ ಆಫ್ ಆದರೆ ಹೊರಗಿನಿಂದ ಬರುವ ಮೇಲ್ ಕಳೆಯುವುದಿಲ್ಲ. ಕಳಿಸುವ ಕಡೆಯ ಸರ್ವರ್ ಅದನ್ನು ತನ್ನ ಕ್ಯೂನಲ್ಲೇ (ಕಾಯುವ ಸಾಲಿನಲ್ಲೇ) ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕನಿಷ್ಠ 4-5 ದಿನ ಪ್ರಯತ್ನ ಬಿಡಬಾರದು ಅಂತ, ಸರ್ವರ್‌ಗಳ ನಡುವೆ ಮೇಲ್ ಸಾಗಿಸುವ ಎಸ್‌ಎಂಟಿಪಿ ಮಾನದಂಡವೇ ಹೇಳುತ್ತದೆ. ಪೋಸ್ಟ್‌ಫಿಕ್ಸ್‌ನಲ್ಲಿ ಡೀಫಾಲ್ಟ್ 5 ದಿನ. ಮೇಲ್ ನಿಜವಾಗಿ ಕಳೆಯುವುದು ಸರ್ವರ್ ಎದ್ದು ನಿಂತು ತಪ್ಪು ಉತ್ತರ ಕೊಟ್ಟಾಗ. "550, ಅಂಥವರು ಇಲ್ಲಿಲ್ಲ" ಅಂದರೆ ಮುಗಿಯಿತು, ಮೇಲ್ ಅಲ್ಲೇ ಬೌನ್ಸ್, ಅಂದರೆ ತಲುಪಲಿಲ್ಲ ಅಂತ ಕಳಿಸಿದವರಿಗೆ ವಾಪಸ್. "450, ಆಮೇಲೆ ಬನ್ನಿ" ಅಂದರೆ ಅದು ಮತ್ತೆ ಬರುತ್ತದೆ. ನನ್ನ ಇಡೀ ಪ್ಲಾನ್ ಇಷ್ಟೇ: ಗೊಂದಲ ಇರುವ ಕಡೆಯೆಲ್ಲ 5ರಿಂದ ಶುರುವಾಗುವ ಉತ್ತರ ಹೋಗಬಾರದು.

ಹಳೆ ಮಷಿನ್ ಮೇಲೇ ಅಪ್‌ಗ್ರೇಡ್ ಮಾಡುವ ಯೋಚನೆ ಮೊದಲೇ ಬಿಟ್ಟೆ. ಡೋವ್‌ಕಾಟ್ 2.3ರ ಕಾನ್ಫಿಗರೇಷನ್ 2.4ರಲ್ಲಿ ನಡೆಯುವುದಿಲ್ಲ. ಹಳೆ ಫೈಲ್ ಇಟ್ಟರೆ ಸರ್ವಿಸ್ ಏಳುವುದೇ ಇಲ್ಲ. ರಾತ್ರಿ ಎರಡು ಗಂಟೆಗೆ ಕೂತು ಅದನ್ನು ಸರಿಪಡಿಸುವುದು ಯಾರಿಗೆ ಬೇಕು? ಪಕ್ಕದಲ್ಲೇ ಹೊಸ ವಿಎಂ (ವರ್ಚುವಲ್ ಮಷಿನ್) ಎಬ್ಬಿಸಿ, ಕಾನ್ಫಿಗರೇಷನ್ ಹೊಸದಾಗಿ ಬರೆದೆ.

ಆಮೇಲೆ ಹಳೆ ಲಾಗ್ ತೆಗೆದು ಯಾರ್ಯಾರು ಈ ಸರ್ವರ್‌ಗೆ ಬರುತ್ತಾರೆ ಅಂತ ನೋಡಿದೆ. ಜನರ ಔಟ್‌ಲುಕ್, ಮೊಬೈಲ್ ಸರಿ. ಅವುಗಳ ಜೊತೆ ಬ್ಯಾಕಪ್ ಸ್ಕ್ರಿಪ್ಟ್, ಬಿಲ್ಲಿಂಗ್ ಸಾಫ್ಟ್‌ವೇರ್, ಮೂಲೆಯಲ್ಲಿದ್ದ ಸ್ಕ್ಯಾನರ್ ಕೂಡ ಸಿಕ್ಕವು. ಕೆಲವಕ್ಕೆ ಸರ್ವರ್ ಹೆಸರಲ್ಲ, ನೇರ ಐಪಿ ಅಡ್ರೆಸ್ಸೇ ಹಾಕಿದ್ದರು. ಸ್ಕ್ಯಾನರ್‌ಗೆ ಸಂಪರ್ಕವನ್ನು ಗುಪ್ತವಾಗಿಡುವ ಟಿಎಲ್‌ಎಸ್‌ನ ಹಳೆ ವರ್ಷನ್ 1.0 ಬಿಟ್ಟು ಬೇರೆ ಗೊತ್ತಿಲ್ಲ, ಹೊಸ ಸರ್ವರ್ ಅದನ್ನು ಒಪ್ಪುವುದಿಲ್ಲ. ಒಂದು ಸ್ಕ್ಯಾನರ್‌ಗೋಸ್ಕರ ಎಲ್ಲರ ಭದ್ರತೆ ಇಳಿಸಲು ಆಗಲ್ಲ, ಅಲ್ವಾ? ಒಳಗಿನ ನೆಟ್‌ವರ್ಕ್‌ನಿಂದ ಮಾತ್ರ, ಒಳಗಿನ ವಿಳಾಸಗಳಿಗೆ ಮಾತ್ರ ಕಳಿಸುವ ಹಾಗೆ ಅದಕ್ಕೆ ಟಿಎಲ್‌ಎಸ್ ಇಲ್ಲದೆಯೂ ಮೇಲ್ ತೆಗೆದುಕೊಳ್ಳುವ ಪೋರ್ಟ್ 25 ಬಿಟ್ಟುಕೊಟ್ಟೆ.

ಸರ್ವರ್ ಹೆಸರಿಗೆ ಐಪಿ ಯಾವುದು ಅಂತ ಹೇಳುವ ಡಿಎನ್‌ಎಸ್ ಕೆಲಸ ಸುಲಭ, ಆದರೆ ಮುಂಚೆಯೇ ಆಗಬೇಕು. ಆ ಉತ್ತರವನ್ನು ಬೇರೆಯವರು ಎಷ್ಟು ಹೊತ್ತು ಕ್ಯಾಶ್‌ನಲ್ಲಿ ಇಟ್ಟುಕೊಳ್ಳಬಹುದು ಅನ್ನುವ ಟಿಟಿಎಲ್ 86400 ಸೆಕೆಂಡ್ ಇತ್ತು, ಅಂದರೆ ಪೂರ್ತಿ ಒಂದು ದಿನ. ಅದನ್ನು 300ಕ್ಕೆ ಇಳಿಸಿದರೂ ಹಳೆ ಕ್ಯಾಶ್ ಖಾಲಿಯಾಗಲು ಆ ಒಂದು ದಿನ ಬೇಕೇ ಬೇಕು. ನಮ್ಮ ಹೆಸರಿನಲ್ಲಿ ಯಾವ ಐಪಿ ಮೇಲ್ ಕಳಿಸಬಹುದು ಅಂತ ಹೇಳುವ ಎಸ್‌ಪಿಎಫ್‌ನಲ್ಲಿ ಎರಡೂ ಐಪಿ ಸೇರಿಸಿದೆ. ಹೊಸ ಐಪಿಗೆ ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಹೆಸರು ಹೇಳುವುದು) ಹಾಕಿಸಿದೆ. ಮೇಲ್‌ಗೆ ಡಿಜಿಟಲ್ ಸಹಿ ಹಾಕುವ ಡಿಕಿಮ್‌ಗೆ ಹೊಸ ಸೆಲೆಕ್ಟರ್ (ಯಾವ ಕೀ ಅಂತ ಗುರುತಿಸುವ ಹೆಸರು) ಸೇರಿಸಿ, ದಾರಿಯಲ್ಲಿರುವ ಮೇಲ್‌ಗಳಿಗಾಗಿ ಹಳೆಯದನ್ನೂ ಉಳಿಸಿಕೊಂಡೆ. 2024ರ ಫೆಬ್ರವರಿಯಿಂದ ಜಿಮೇಲ್ ಇವುಗಳಲ್ಲಿ ತುಂಬಾ ಬಿಗಿಯಾಗಿದೆ.

ಮೇಲ್‌ಬಾಕ್ಸ್ ಸಾಗಿಸುವುದರಲ್ಲೇ ಜಾಸ್ತಿ ಸಮಯ ಕಳೆದೆ. ಪ್ರತಿ ಫೋಲ್ಡರ್‌ಗೂ ಯುಐಡಿ ವ್ಯಾಲಿಡಿಟಿ ಅನ್ನುವ ಒಂದು ನಂಬರ್ ಇರುತ್ತದೆ. ಅದು ಬದಲಾದರೆ ಔಟ್‌ಲುಕ್‌ಗೆ ಇದು ಬೇರೆ ಫೋಲ್ಡರ್ ಅನಿಸಿ, ಇರೋ ಬರೋ ಮೇಲನ್ನೆಲ್ಲ ಮತ್ತೆ ಇಳಿಸಿಕೊಳ್ಳುತ್ತದೆ. ಪಾಪ್‌ (ಮೇಲನ್ನು ತಮ್ಮ ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ವಿಧಾನ) ಬಳಸುವವರಿಗಂತೂ ವರ್ಷಗಳ ಹಿಂದಿನ ಮೇಲ್ ಹೊಸದಾಗಿ ಬಂದು ಬೀಳಬಹುದು. ಹಾಗಾಗಿ ಮೇಲ್‌ಬಾಕ್ಸ್ ಕಾಪಿ ಮಾಡುವ ಐಮ್ಯಾಪ್‌ಸಿಂಕ್ ಅನ್ನುವ ಟೂಲ್ ಬಿಟ್ಟು ಡೋವ್‌ಕಾಟ್‌ನ ಡಿಸಿಂಕ್ ಹಿಡಿದೆ, ಅದು ಈ ನಂಬರ್‌ಗಳನ್ನು ಹಾಗೇ ಉಳಿಸುತ್ತದೆ. ಎರಡೂ ಕಡೆ ಒಂದೇ ಮೇಲ್‌ಬಾಕ್ಸ್ ತೆಗೆದು ಯುಐಡಿ ವ್ಯಾಲಿಡಿಟಿ, ಮುಂದಿನ ಯುಐಡಿ (ಮುಂದೆ ಬರುವ ಮೇಲ್‌ಗೆ ಸಿಗುವ ನಂಬರ್), ಒಟ್ಟು ಮೇಲ್ ಸಂಖ್ಯೆ ಮೂರನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿದೆ. ಮೊದಲ ಸಲ ಕಾಪಿ ಆಗಲು ಬಹಳ ಹೊತ್ತು ಹಿಡಿಯಿತು. ಆಮೇಲೆ ದಿನಾ ರಾತ್ರಿ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸ) ವ್ಯತ್ಯಾಸ ಮಾತ್ರ ಹೋಗುತ್ತಿತ್ತು.

ಇಲ್ಲಿ ಒಂದು ಅಪಾಯ ಇದೆ. ಡಿಸಿಂಕ್‌ನ ಬ್ಯಾಕಪ್ ಮೋಡ್ ಒಮ್ಮುಖ. ಹೊಸ ಕಡೆ ಏನೇ ಬದಲಾಗಿದ್ದರೂ ಅಳಿಸಿ, ಹಳೆಯದರ ಹಾಗೇ ಮಾಡಿಬಿಡುತ್ತದೆ. ಬದಲಾವಣೆ ಆದಮೇಲೆ ಆ ಕ್ರಾನ್ ಒಂದು ಸಲ ಓಡಿದರೂ ಹೊಸದಾಗಿ ಬಂದ ಮೇಲ್ ಮಾಯ. ಅದಕ್ಕೇ ಹೊಸ ಸರ್ವರ್‌ಗೆ ಬದಲಾಯಿಸುವ ರಾತ್ರಿಯ ಕೆಲಸದ ಪಟ್ಟಿಯ ಮೊದಲ ಸಾಲು: ಕ್ರಾನ್ ತೆಗೆ.

ಕ್ರಾನ್ ತೆಗೆದ ಮೇಲೆ ಹಳೆ ಪೋಸ್ಟ್‌ಫಿಕ್ಸ್‌ನಲ್ಲಿ ಡಿಫರ್ ಟ್ರಾನ್ಸ್‌ಪೋರ್ಟ್ಸ್ ಅನ್ನುವ ಸೆಟ್ಟಿಂಗ್‌ಗೆ ಎಲ್‌ಎಂಟಿಪಿ (ಮೇಲನ್ನು ಡೋವ್‌ಕಾಟ್‌ಗೆ ದಾಟಿಸುವ ದಾರಿ) ಅಂತ ಹಾಕಿದೆ. ಈ ಸೆಟ್ಟಿಂಗ್ ನನಗೆ ತುಂಬಾ ಇಷ್ಟ. ಹೊರಗಿನವರಿಗೆ ಸರ್ವರ್ ಎಂದಿನಂತೆ 250, ಅಂದರೆ "ಸರಿ" ಅನ್ನುತ್ತದೆ, ಮೇಲ್ ತೆಗೆದುಕೊಳ್ಳುತ್ತದೆ. ಆದರೆ ಮೇಲ್‌ಬಾಕ್ಸ್‌ಗೆ ಹಾಕದೆ ಕ್ಯೂನಲ್ಲೇ ಇಟ್ಟುಕೊಳ್ಳುತ್ತದೆ. ಜನ ಅಳಿಸುವುದು, ಸರಿಸುವುದು ಮಾಡಬಾರದು ಅಂತ ಮೇಲ್ ಓದುವ ದಾರಿಗಳಾದ ಐಮ್ಯಾಪ್, ಪಾಪ್ ಎರಡನ್ನೂ ಮುಚ್ಚಿದೆ. ಜನರಿಗೆ ಕಾಣಿಸಿದ ಅಡಚಣೆ ಅಷ್ಟೇ, ಅದನ್ನೂ ಮೊದಲೇ ಹೇಳಿದ್ದೆ. ಹೀಗೆ ನಿಂತ ಮೇಲ್‌ಬಾಕ್ಸ್‌ಗಳ ಮೇಲೆ ಕೊನೆಯ ಸಿಂಕ್ ಓಡಿಸಿದೆ.

ಆಮೇಲೆ ಹಳೆ ಸರ್ವರ್‌ನ ವರ್ಚುವಲ್ ಟ್ರಾನ್ಸ್‌ಪೋರ್ಟನ್ನು (ಬಂದ ಮೇಲ್ ಎಲ್ಲಿಗೆ ಹೋಗಬೇಕು ಅನ್ನುವ ಸೆಟ್ಟಿಂಗ್) ಹೊಸ ಸರ್ವರ್ ಕಡೆ ತಿರುಗಿಸಿದೆ. ಬಳಕೆದಾರರ ಪಟ್ಟಿ ಹಳೆ ಸರ್ವರ್‌ನಲ್ಲೂ ಇರುವುದರಿಂದ ಇಲ್ಲದ ವಿಳಾಸಕ್ಕೆ ಬರುವ ಕಸ ಅಲ್ಲೇ ನಿಲ್ಲುತ್ತದೆ. ಒಂದು ವಿಷಯ ಮಾತ್ರ ಮರೆಯಬಾರದು. ಹೀಗೆ ದಾಟಿಸಿದ ಮೇಲ್ ಎಲ್ಲವೂ ಹೊಸ ಸರ್ವರ್ ಕಣ್ಣಿಗೆ ಹಳೆ ಐಪಿಯಿಂದ ಬಂದಂತೆ ಕಾಣುತ್ತದೆ. ಎಸ್‌ಪಿಎಫ್ ಚೆಕ್ ಇದ್ದರೆ ಫೇಲ್ ಆಗಿ, ಒಳ್ಳೆಯ ಮೇಲ್‌ಗೂ 550 ಬೀಳಬಹುದು. ಹಾಗಾಗಿ ಹಳೆ ಐಪಿಯನ್ನು ನಂಬಿಕೆಯ ಪಟ್ಟಿಗೆ ಸೇರಿಸಿಟ್ಟಿದ್ದೆ. ಹೊಸ ಸರ್ವರ್‌ನಲ್ಲಿ ಸಾಫ್ಟ್ ಬೌನ್ಸ್ ಕೂಡ ಆನ್ ಇತ್ತು, ಅದು 5ರ ಉತ್ತರಗಳನ್ನೆಲ್ಲ 4ಕ್ಕೆ ಬದಲಿಸುತ್ತದೆ.

ಕ್ಯೂ ಬಿಡುವುದಕ್ಕೆ ಮುಂಚೆ ಸ್ವಲ್ಪ ನಿಂತೆ. ಅಲ್ಲಿಯವರೆಗೆ ವಾಪಸ್ ಹೋಗುವುದು ಎರಡು ಸಾಲಿನ ಕೆಲಸ. ಬಿಟ್ಟಮೇಲೆ ಹೊಸ ಮೇಲ್ ಹೊಸ ಡಿಸ್ಕ್‌ನಲ್ಲಿ ಬೀಳುತ್ತದೆ, ವಾಪಸ್ ಹೋಗಬೇಕಾದರೆ ತಿರುಗಿ ಸಿಂಕ್ ಮಾಡಬೇಕು. ನನ್ನ ಕಂಪ್ಯೂಟರ್ ಮಾತ್ರ ಹೊಸ ಸರ್ವರ್‌ಗೆ ಹೋಗುವ ಹಾಗೆ ಅದರ ಹೋಸ್ಟ್ಸ್ ಫೈಲ್‌ನಲ್ಲಿ ಹೊಸ ಐಪಿ ಹಾಕಿಕೊಂಡು ಲಾಗಿನ್, ಫೋಲ್ಡರ್, ಸರ್ಟಿಫಿಕೇಟ್, ಪೋರ್ಟ್ 587ರಿಂದ ಕಳಿಸುವುದು ಎಲ್ಲ ನೋಡಿದೆ. ಎಲ್ಲ ಸರಿ ಇತ್ತು. ಕ್ಯೂ ಬಿಟ್ಟೆ, ಡಿಎನ್‌ಎಸ್ ತಿರುಗಿಸಿದೆ.

ಹೊರಹೋಗುವ ಮೇಲನ್ನು ಮಾತ್ರ ಕೆಲವು ವಾರ ಹಳೆ ಐಪಿಯಿಂದಲೇ ಕಳಿಸಿದೆ. ಹೊಸ ಐಪಿಯನ್ನು ದೊಡ್ಡ ಕಂಪನಿಗಳ ಫಿಲ್ಟರ್ ಒಮ್ಮೆಲೇ ನಂಬುವುದಿಲ್ಲ, ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಸರಿಸಿದೆ. ಈ ಮಧ್ಯೆ ದಿನಾ ಬೆಳಿಗ್ಗೆ ಹೊಸ ಲಾಗ್‌ನಲ್ಲಿ 450 ಇರುವ ಸಾಲುಗಳನ್ನು ಓದುತ್ತಿದ್ದೆ. ಹೆಚ್ಚಿನವು ಸುಮ್ನೆ ಊಹೆಯ ಹೆಸರುಗಳಿಗೆ ಬಂದ ಸ್ಪ್ಯಾಮ್. ನಮ್ಮವರ ವಿಳಾಸ ಒಂದೂ ಇಲ್ಲ ಅಂತ ಖಾತ್ರಿಯಾದ ಮೇಲೆ ಸಾಫ್ಟ್ ಬೌನ್ಸ್ ಆಫ್ ಮಾಡಿದೆ. ಹಳೆ ಐಪಿಗೆ ಆಮೇಲೂ ಮೇಲ್ ಬರುತ್ತಲೇ ಇತ್ತು, ಆದರೆ ಅದೆಲ್ಲ ಸ್ಪ್ಯಾಮ್ ಕಳಿಸುವವರದು. ಅವರು ಟಿಟಿಎಲ್ ಎಲ್ಲ ಎಲ್ಲಿ ನೋಡುತ್ತಾರೆ! ಅಲ್ಲಿ ಪೋರ್ಟ್ 25 ಮುಚ್ಚಿದೆ.